ಅಸೆಟ್ಟೊ ಕೋರ್ಸಾ ಎಂಬ ಕಾರ್ ರೇಸ್ ಆಟಕ್ಕೆ ಖಂಬಾಟಕಿ ಘಾಟ್ ಟ್ರ್ಯಾಕ್ ಮಾಡಿದ್ದೇನೆ. ಫೋಲ್ಡರಿನ ಹೆಸರಿಗೆ ‘ಫೈನಲ್’ ಎಂದು ಸೇರಿಸಿ ಝಿಪ್ ಮಾಡಿ ಹಂಚಿದೆ. ನನ್ನ ಕಂಪ್ಯೂಟರಿನಲ್ಲಿ ಓಡುತ್ತದೆ, ಡೌನ್‌ಲೋಡ್ ಮಾಡಿದ ಗೆಳೆಯರಿಗೆ ತೆರೆಯುತ್ತಿಲ್ಲ. ಅಪ್‌ಲೋಡ್‌ಗೆ ಸರಿಯಾಗಿ ಪ್ಯಾಕ್ ಮಾಡುವುದು ಹೇಗೆ?

ಪುಣೆಯಲ್ಲಿರುವ ಕನ್ನಡದವರಿಗೆ ಖಂಬಾಟಕಿ ಅಂದರೆ ಊರಿನ ದಾರಿ. ಸಾತಾರ ದಾಟಿ ಬೆಳಗಾವಿ, ಹುಬ್ಬಳ್ಳಿಗೆ ಹೋಗುವ ನಮಗೆಲ್ಲ ಆ ಏರಿನ ತಿರುವುಗಳು ಬಾಯಿಪಾಠ. ಅದನ್ನು ಟ್ರ್ಯಾಕ್ ಮಾಡಿದ್ದೀರಿ ಎಂದು ಓದಿಯೇ ಖುಷಿಯಾಯಿತು. ನಾನು ವಾರ್ಜೆಯಲ್ಲಿದ್ದೇನೆ. ಇಲ್ಲಿನ ಗೆಳೆಯರ ಗುಂಪಿಗೆ ಟ್ರ್ಯಾಕ್ ಮಾಡಿ ಹಂಚುತ್ತಿರುತ್ತೇನೆ, ಹಾಗಾಗಿ ಗೊತ್ತಿರುವಷ್ಟು ಹೇಳುತ್ತೇನೆ.

ನೀವು ಬರೆದದ್ದರಲ್ಲಿ ಒಂದು ಮಾತು ಕಣ್ಣಿಗೆ ಬಿತ್ತು: ಝಿಪ್ ಮಾಡುವ ಮುಂಚೆ ಫೋಲ್ಡರಿನ ಹೆಸರಿಗೆ ‘ಫೈನಲ್’ ಎಂದು ಸೇರಿಸಿದೆ ಅಂದಿದ್ದೀರಿ. ತೊಂದರೆ ಅಲ್ಲೇ ಇರಬೇಕು. ಯಾವ ಯಾವ ಮಾದರಿ ಫೈಲ್ ತೆರೆಯಬೇಕೆಂದು ಹೇಳುವ ಮಾಡೆಲ್ಸ್ ಐಎನ್‌ಐ ಫೈಲ್ ಇಲ್ಲದ ಟ್ರ್ಯಾಕಿನಲ್ಲಿ, ಫೋಲ್ಡರಿಗೆ ಯಾವ ಹೆಸರೋ ಅದೇ ಹೆಸರಿನ ಕೆಎನ್5 ಫೈಲನ್ನೇ (ಟ್ರ್ಯಾಕಿನ 3ಡಿ ಮಾದರಿ ಇರುವ ಫೈಲ್) ಆಟ ಹುಡುಕುತ್ತದೆ. ಫೋಲ್ಡರ್ ‘ಖಂಬಾಟಕಿ_ಫೈನಲ್’, ಒಳಗಿನ ಫೈಲ್ ಬರೀ ‘ಖಂಬಾಟಕಿ’ ಆಗಿದ್ದರೆ ಅದಕ್ಕೆ ಏನೂ ಸಿಗುವುದಿಲ್ಲ. ನಿಮ್ಮಲ್ಲಿ ಹಳೆಯ ಫೋಲ್ಡರ್ ಹಾಗೇ ಇದೆ, ಅದು ಓಡುತ್ತಿದೆ. ಗೆಳೆಯರ ಹತ್ತಿರ ಹೊಸದು ಮಾತ್ರ ಇದೆ, ಅಲ್ವಾ?

ಆದ್ದರಿಂದ ಮೊದಲ ಕೆಲಸ ಹೆಸರು. ಇಂಗ್ಲಿಷಿನ ಸಣ್ಣ ಅಕ್ಷರಗಳು, ನಡುವೆ ಸ್ಪೇಸ್ ಬೇಡ, ಬೇಕಿದ್ದರೆ ಅಂಡರ್‌ಸ್ಕೋರ್. ಸುಮ್ನೆ ‘ಘಾಟ್’ ಎಂದಿಡಬೇಡಿ, ಅದೇ ಹೆಸರು ಇನ್ನೊಬ್ಬರೂ ಇಟ್ಟಿದ್ದರೆ ಒಂದರ ಮೇಲೊಂದು ಕೂತು ಎರಡೂ ಕೆಡುತ್ತವೆ. ಹೆಸರಿನ ಹಿಂದೆ ನಿಮ್ಮದೊಂದು ಚಿಕ್ಕ ಗುರುತು ಸೇರಿಸಿ. ಒಮ್ಮೆ ಅಪ್‌ಲೋಡ್ ಮಾಡಿದ ಮೇಲೆ ಆ ಹೆಸರನ್ನು ಮುಟ್ಟಬೇಡಿ. ಆಟ ಟ್ರ್ಯಾಕನ್ನು ಗುರುತಿಸುವುದೇ ಫೋಲ್ಡರಿನ ಹೆಸರಿನಿಂದ. ಪರದೆಯ ಮೇಲೆ ಕಾಣುವ ಚೆಂದದ ಹೆಸರು ಬೇರೆ, ಅದು ಯುಐ_ಟ್ರ್ಯಾಕ್ ಜೇಸನ್ ಫೈಲಿನಲ್ಲಿರುತ್ತದೆ. ಅದನ್ನು ಎಷ್ಟು ಸಲ ಬೇಕಾದರೂ ಬದಲಾಯಿಸಿ.

ಝಿಪ್ ತೆರೆದ ಕೂಡಲೇ ‘ಕಂಟೆಂಟ್’ ಫೋಲ್ಡರ್ ಕಾಣಬೇಕು, ಅದರೊಳಗೆ ‘ಟ್ರ್ಯಾಕ್ಸ್’, ಅದರೊಳಗೆ ನಿಮ್ಮ ಫೋಲ್ಡರ್. ಕಂಟೆಂಟ್ ಮ್ಯಾನೇಜರ್ (ಟ್ರ್ಯಾಕ್, ಕಾರುಗಳನ್ನು ಆಟಕ್ಕೆ ಸೇರಿಸಿಕೊಡುವ ಪ್ರೋಗ್ರಾಂ) ಇರುವವರು ಝಿಪ್ಪನ್ನು ಎಳೆದು ಹಾಕಿದರೆ ಸಾಕು. ಅದಿಲ್ಲದವರೂ ಆಟದ ಫೋಲ್ಡರಿನಲ್ಲಿ ನೇರ ಬಿಚ್ಚಿದರೆ ಎಲ್ಲವೂ ತನ್ನ ಜಾಗಕ್ಕೇ ಹೋಗುತ್ತದೆ.

ಒಳಗೆ ಏನಿರಬೇಕು? ಕೆಎನ್5 ಫೈಲ್. ‘ಡೇಟಾ’ದಲ್ಲಿ ಸರ್ಫೇಸಸ್ ಐಎನ್‌ಐ. ರಸ್ತೆಗೆ, ಮಣ್ಣಿನ ಅಂಚಿಗೆ ನೀವೇ ಹೊಸ ಹೆಸರು ಕೊಟ್ಟಿದ್ದರೆ ಇದು ಬೇಕೇ ಬೇಕು, ಇಲ್ಲದಿದ್ದರೆ ಆ ನೆಲದ ಹಿಡಿತ ಎಷ್ಟೆಂದು ಆಟಕ್ಕೆ ತಿಳಿಯುವುದಿಲ್ಲ. ‘ಎಐ’ ಫೋಲ್ಡರಿನಲ್ಲಿ ಫಾಸ್ಟ್_ಲೇನ್ ಫೈಲ್, ಇದಿಲ್ಲದೆ ಕಂಪ್ಯೂಟರ್ ಓಡಿಸುವ ಕಾರುಗಳಿಗೆ ದಾರಿ ಗೊತ್ತಾಗದು. ‘ಯುಐ’ನಲ್ಲಿ ಜೇಸನ್, ಪ್ರಿವ್ಯೂ ಚಿತ್ರ, ಔಟ್‌ಲೈನ್ ಚಿತ್ರ. ಜೇಸನ್‌ನಲ್ಲಿ ಬರೆದ ಪಿಟ್‌ಬಾಕ್ಸ್ (ಕಾರು ನಿಲ್ಲುವ ಜಾಗ) ಸಂಖ್ಯೆಯೂ ಮಾಡೆಲಿನಲ್ಲಿ ಇಟ್ಟ ಪಿಟ್ ಗುರುತುಗಳ ಸಂಖ್ಯೆಯೂ ಒಂದೇ ಇರಲಿ. ಗುರುತುಗಳ ಎಣಿಕೆ 0ಯಿಂದ ಶುರು, ಹಾಗಾಗಿ 24 ಪಿಟ್ ಅಂದರೆ ಕೊನೆಯದು 23. ಘಾಟ್ ರಸ್ತೆ ಸುತ್ತು ಹಾಕಿ ಬಂದಲ್ಲಿಗೇ ಬರುವಂಥದ್ದಲ್ಲ, ಹಾಗಾಗಿ ಶುರು ಮತ್ತು ಕೊನೆಗೆ ಬೇರೆ ಬೇರೆ ಗುರುತು ಬೇಕು. ಆಟದ ಜೊತೆಗೇ ಬರುವ ಟ್ರೆಂಟೊ ಬೊಂಡೋನೆ ಅಂಥದೇ ಬೆಟ್ಟ ಹತ್ತುವ ಟ್ರ್ಯಾಕ್. ಅದರ ಫೋಲ್ಡರನ್ನು ನಿಮ್ಮದರ ಪಕ್ಕದಲ್ಲಿ ತೆರೆದಿಟ್ಟು ಒಂದೊಂದೇ ಹೋಲಿಸಿ ನೋಡಿ.

ಮಾದರಿ ಕಟ್ಟಿದ ಬ್ಲೆಂಡರ್ ಫೈಲ್, ಎಫ್‌ಬಿಎಕ್ಸ್, ಮೇಲ್ಮೈಗೆ ಅಂಟಿಸುವ ಚಿತ್ರಗಳ ಟೆಕ್ಸ್ಚರ್ ಫೋಲ್ಡರ್ ಇವು ಯಾವುವೂ ಝಿಪ್ಪಿಗೆ ಬೇಡ. ಟೆಕ್ಸ್ಚರ್‌ಗಳು ಕೆಎನ್5 ಒಳಗೇ ಸೇರಿರುತ್ತವೆ, ಎರಡನೇ ಸಲ ಹಾಕಿದರೆ ಗಾತ್ರ ಜಾಸ್ತಿಯಾಗುತ್ತದೆ ಅಷ್ಟೇ. ಆದರೆ ಅವನ್ನು ಮನೆಯಲ್ಲಿ ಜೋಪಾನವಾಗಿಡಿ. ಅದರಲ್ಲೂ ಎಫ್‌ಬಿಎಕ್ಸ್ ಪಕ್ಕದಲ್ಲಿ ಆಟದ ಎಡಿಟರ್ ಪ್ರೋಗ್ರಾಂ ಬರೆದಿಡುವ ಐಎನ್‌ಐ ಫೈಲ್ ಕಳೆದರೆ ಮೆಟೀರಿಯಲ್ (ಪ್ರತಿ ಮೇಲ್ಮೈ ಹೇಗೆ ಕಾಣಬೇಕೆಂಬ ಸೆಟ್ಟಿಂಗ್) ಎಲ್ಲವನ್ನೂ ಮತ್ತೆ ಕೈಯಿಂದ ಕೂರಿಸಬೇಕಾಗುತ್ತದೆ.

ಇನ್ನು ಬೇರೆಯವರ ವಸ್ತುಗಳ ವಿಷಯ. ಇದಕ್ಕೆ ಎಷ್ಟೋ ಜನ ಗಮನವನ್ನೇ ಕೊಡುವುದಿಲ್ಲ, ನನಗೆ ಅದು ಬೇಸರದ ಸಂಗತಿ. ಮರ, ತಡೆಗೋಡೆ, ಲಾರಿ ಇವನ್ನು ಇನ್ನೊಬ್ಬರ ಟ್ರ್ಯಾಕಿನಿಂದ ತೆಗೆದಿದ್ದರೆ ಅವರನ್ನು ಕೇಳಿ. ಒಪ್ಪಿಗೆ ಸಿಗದಿದ್ದರೆ ತೆಗೆದುಹಾಕಿ. ಒಬ್ಬರು ರಾತ್ರಿಯೆಲ್ಲ ಕೂತು ಮಾಡಿದ ಮರ ಅದು. ರಸ್ತೆಯ ಗೆರೆಯನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ತಂದಿದ್ದರೆ ಅದನ್ನು ಹೆಸರಿಸಲೇಬೇಕು, ಅವರ ಲೈಸೆನ್ಸ್ ಹಾಗೆ ಹೇಳುತ್ತದೆ. ಗೂಗಲ್‌ನ ಉಪಗ್ರಹ ಚಿತ್ರವನ್ನು ನೆಲಕ್ಕೆ ಅಂಟಿಸಿ ಹಂಚಬೇಡಿ. ಇದೆಲ್ಲವನ್ನೂ ಒಂದು ರೀಡ್‌ಮಿಯಲ್ಲಿ ಬರೆಯಿರಿ: ಯಾವುದು ನಿಮ್ಮದು, ಯಾವುದು ಯಾರದು, ಬೇರೆಯವರು ತಿದ್ದಿ ಹಂಚಬಹುದೋ ಇಲ್ಲವೋ.

ನೀವೇ ತೆಗೆದ ಫೋಟೋಗಳಿಗೆ ಈ ತಂಟೆ ಇಲ್ಲ. ಆದರೂ ಘಾಟ್ ಬುಡದ ಮಿಸಳ್ ಹೋಟೆಲಿನ ಬೋರ್ಡ್ ಟೆಕ್ಸ್ಚರ್ ಮಾಡಿದ್ದರೆ ದೊಡ್ಡದು ಮಾಡಿ ನೋಡಿ. ಮೂಲೆಯಲ್ಲಿ ಮಾಲೀಕರ ಮೊಬೈಲ್ ನಂಬರ್ ಇರುತ್ತದೆ, ಮುಂದೆ ನಿಂತ ಕಾರಿನ ನಂಬರ್ ಪ್ಲೇಟ್ ಇರುತ್ತದೆ. ಅಳಿಸಿ.

ಕೊನೆಗೆ ಪರೀಕ್ಷೆ. ನಿಮ್ಮ ಕಂಪ್ಯೂಟರಿನಲ್ಲೇ ನೋಡುವುದಾದರೆ ನಿಮ್ಮ ಟ್ರ್ಯಾಕ್ ಫೋಲ್ಡರನ್ನು ಆಟದಿಂದ ಪೂರ್ತಿ ಹೊರಗೆ ಸರಿಸಿ, ಝಿಪ್ಪಿನಿಂದಲೇ ಹೊಸದಾಗಿ ಹಾಕಿ. ಇನ್ನೊಬ್ಬರ ಕಂಪ್ಯೂಟರ್ ಸಿಕ್ಕರೆ ಇನ್ನೂ ಒಳ್ಳೆಯದು.

ಮುಂದೆ ತಿದ್ದಿದಾಗ ಫೋಲ್ಡರಿನ ಹೆಸರು ಅದೇ ಇರಲಿ, ಜೇಸನ್‌ನಲ್ಲಿ ವರ್ಶನ್ ಸಂಖ್ಯೆ ಏರಿಸಿ, ಏನು ಬದಲಾಯಿತು ಎಂದು ಎರಡು ಸಾಲು ಬರೆಯಿರಿ. ಸರ್ಫೇಸಸ್ ಫೈಲ್ ಬದಲಾಗಿದ್ದರೆ ಎದ್ದು ಕಾಣುವ ಹಾಗೆ ಹೇಳಿ. ಆನ್‌ಲೈನ್ ಸರ್ವರ್ ಆ ಫೈಲನ್ನು ತಾಳೆ ನೋಡುತ್ತದೆ, ಹಳೆಯದು ಇಟ್ಟುಕೊಂಡವರನ್ನು ಒಳಗೆ ಬಿಡುವುದಿಲ್ಲ.

ಝಿಪ್ ಸಿದ್ಧವಾದ ಮೇಲೆ ಲಿಂಕ್ ಇಲ್ಲೇ ಹಾಕಿ. ಶನಿವಾರ ರಾತ್ರಿ ನಮ್ಮ ಗುಂಪು ಆಡಲು ಕೂರುತ್ತದೆ, ನಾಲ್ಕಾರು ಜನ ಒಟ್ಟಿಗೆ ಹತ್ತಿಸಿ ನೋಡಿ ಎಲ್ಲಿ ತೊಂದರೆಯಿದೆ ಎಂದು ತಿಳಿಸುತ್ತೇವೆ.