100 ಅಂತಾರೆ, 12 ಬರುತ್ತೆ!

ಪ್ರಶ್ನೆ: ಮನೆಗೆ 100 ಎಂಬಿಪಿಎಸ್ ಫೈಬರ್ ಹಾಕಿಸಿದ್ದೇವೆ. ಏನೇ ಡೌನ್‌ಲೋಡ್ ಮಾಡಿದರೂ 12 ದಾಟಲ್ಲ. ಪಕ್ಕದ ಮನೆಯವರು ಸ್ಪೀಡ್ ಟೆಸ್ಟ್ ಮಾಡಿದರೆ 94 ಬರುತ್ತಂತೆ. ನಮಗೆ ಮೋಸ ಆಯ್ತಾ?

ಉತ್ತರ: ಮೋಸ ಏನಿಲ್ಲ, ಅಳತೆ ಬೇರೆ ಅಷ್ಟೇ. ಪ್ಲಾನ್‌ನಲ್ಲಿ, ಸ್ಪೀಡ್ ಟೆಸ್ಟ್‌ನಲ್ಲಿ ಇರುವುದು ಮೆಗಾಬಿಟ್ (ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್ ಅಂತ), ಡೌನ್‌ಲೋಡ್ ಆಗುವಾಗ ಕಾಣುವುದು ಮೆಗಾಬೈಟ್. 8 ಬಿಟ್ ಸೇರಿದರೆ 1 ಬೈಟ್, ಹಾಗಾಗಿ 100 ಅನ್ನು 8ರಿಂದ ಭಾಗಿಸಿದರೆ 12.5 ಬರುತ್ತೆ, ಅಲ್ವಾ? ನಿಮ್ಮ 12, ಅವರ 94 ಹೆಚ್ಚುಕಡಿಮೆ ಒಂದೇ. ಹೋಲಿಸಲೇಬೇಕು ಅಂದರೆ ಇಬ್ಬರೂ ಒಂದೇ ಸ್ಪೀಡ್ ಟೆಸ್ಟ್ ಬಳಸಿ, ಅದೂ ರೂಟರ್‌ನಿಂದ ಲ್ಯಾಪ್‌ಟಾಪ್‌ಗೆ ನೇರ ಕೇಬಲ್ ಹಾಕಿ. ಅಡುಗೆಮನೆಯಲ್ಲಿ ಮೊಬೈಲ್ ಹಿಡಿದು ನೋಡಿದರೆ ನೀವು ಅಳೆಯುವುದು ಎರಡು ಗೋಡೆ ದಾಟಿ ಸುಸ್ತಾಗಿ ಬಂದ ವೈಫೈಯನ್ನ (ಪಕ್ಕದಲ್ಲಿ ಮೈಕ್ರೋವೇವ್ ಓಡುತ್ತಿದ್ದರೆ 2.4 ಗಿಗಾಹರ್ಟ್ಸ್ ವೈಫೈ ಇನ್ನೂ ಸೊರಗುತ್ತೆ). ಬೆಳಗ್ಗೆ 6ಕ್ಕೊಮ್ಮೆ, ರಾತ್ರಿ 9ಕ್ಕೊಮ್ಮೆ ನೋಡಿ. ಕೇಬಲ್‌ನಲ್ಲೂ ರಾತ್ರಿ ತುಂಬಾ ಕುಸಿದರೆ ಆಗ ಫೋನ್ ಮಾಡಿ ಜಗಳ ಆಡಿ.