ಹಾಸನದಲ್ಲಿ ಸ್ಟ್ರೋಕ್ ಆದ ತಂದೆಗೆ ಮನೆ ಹತ್ತಿರ ಆಕ್ಯುಪೇಷನಲ್ ಥೆರಪಿಸ್ಟ್ ಹುಡುಕೋದು ಹೇಗೆ?

ವಿದ್ಯಾನಗರದಲ್ಲಿದ್ದೀರಿ. ತಂದೆಯವರಿಗೆ ಸ್ಟ್ರೋಕ್ ಆಗಿ ಬಲಗೈ ಸರಿಯಾಗಿ ಆಡುತ್ತಿಲ್ಲ. ಫಿಸಿಯೋ ನಡೀತಿದೆ, ಆದರೂ ಊಟ, ಸ್ನಾನ, ಬಟ್ಟೆ ಎಲ್ಲಕ್ಕೂ ತಾಯಿಯೇ ಬೇಕು ಅಂದಿದ್ದೀರಿ. ಇಂಥ ದಿನದ ಕೆಲಸಗಳನ್ನು ಮತ್ತೆ ತಾವೇ ಮಾಡಿಕೊಳ್ಳೋಕೆ ಕಲಿಸೋರೇ ಆಕ್ಯುಪೇಷನಲ್ ಥೆರಪಿಸ್ಟ್. ನಮ್ಮ ಅತ್ತೆಗೂ ಹೀಗೇ ಆಗಿತ್ತು. ನಾವಿರೋದೂ ಹಾಸನದಲ್ಲೇ, ಕುವೆಂಪುನಗರದಲ್ಲಿ.

ದಯವಿಟ್ಟು ಏರಿಯಾ ನೋಡಿ ಹುಡುಕಬೇಡಿ. ನಮ್ಮೂರಲ್ಲಿ ಫಿಸಿಯೋ ಸುಲಭವಾಗಿ ಸಿಗ್ತಾರೆ, ಆಕ್ಯುಪೇಷನಲ್ ಥೆರಪಿ ಓದಿದವರು ಕಡಿಮೆ. ಇರೋರಲ್ಲೂ ಮಕ್ಕಳನ್ನು ನೋಡುವವರೇ ಜಾಸ್ತಿ. ಬೋರ್ಡಿನಲ್ಲಿ ‘ರಿಹ್ಯಾಬ್’ ಅಂತಿದ್ದರೆ ಸಾಲದು. ಬಿಒಟಿ ಅಥವಾ ಎಂಒಟಿ (ಆಕ್ಯುಪೇಷನಲ್ ಥೆರಪಿಯ ಡಿಗ್ರಿಗಳು) ಓದಿದ್ದಾರಾ, ಸ್ಟ್ರೋಕ್ ಆದ ದೊಡ್ಡವರನ್ನು ನೋಡಿದ್ದಾರಾ, ಮನೆಗೆ ಬರ್ತಾರಾ ಅಂತ ಫೋನಲ್ಲೇ ಕೇಳಿ. ಬಿಪಿಟಿ ಅಂದರೆ ಫಿಸಿಯೋ. ನಮಗೆ ದಾರಿ ತೋರಿಸಿದ್ದು ಅತ್ತೆಯ ಫಿಸಿಯೋನೇ. ನಿಮ್ಮ ಫಿಸಿಯೋ ಅವರನ್ನೂ ಕೇಳಿ. ಡಿಸ್ಚಾರ್ಜ್ ಮಾಡಿದ ಡಾಕ್ಟರ ಹತ್ತಿರ ಆಕ್ಯುಪೇಷನಲ್ ಥೆರಪಿ ಬೇಕು ಅಂತ ಒಂದು ಚೀಟಿ ಬರೆಸಿಕೊಳ್ಳಿ. ನಮ್ಮೂರ ಸರ್ಕಾರಿ ಮೆಡಿಕಲ್ ಕಾಲೇಜಿನ ಹಿಮ್ಸ್ ಆಸ್ಪತ್ರೆಯಲ್ಲೂ ವಿಚಾರಿಸಿ.

ಮನೆಗೆ ಬರೋರು ಸಿಕ್ಕರೆ ಬಿಡಬೇಡಿ. ನಮ್ಮಲ್ಲಿಗೆ ಬಂದವರು ವ್ಯಾಯಾಮ ಹೇಳಿಕೊಡುವ ಮೊದಲು ಊಟಕ್ಕೆ ಕೂತಿದ್ದ ಅತ್ತೆಯನ್ನೇ ನೋಡುತ್ತಾ ಕೂತರು. ಎಡಗೈಯಲ್ಲಿ ಉಣ್ಣೋಕೆ ಅತ್ತೆ ಸುತಾರಾಂ ಒಪ್ಪುತ್ತಿರಲಿಲ್ಲ, ಬಲಗೈಗೆ ಮುದ್ದೆ ಮುರಿಯಲು ಬರುತ್ತಿರಲಿಲ್ಲ. ತಟ್ಟೆ ಜಾರದಂತೆ ಕೆಳಗೆ ಒದ್ದೆ ಬಟ್ಟೆ ಹಾಸಿಸಿದರು. ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಸಿದರು. ಅಂಚು ಎತ್ತರ ಇರೋ ತಟ್ಟೆ ತರಿಸಿದರು, ತುತ್ತು ಅಂಚಿಗೆ ತಾಗಿ ಚಮಚಕ್ಕೆ ಬರುತ್ತದೆ. ಆಮೇಲೆ ಬಚ್ಚಲಿಗೆ ಹೋಗಿ, ಕೂತು ಸ್ನಾನ ಮಾಡೋಕೆ ಸ್ಟೂಲ್ ಎಲ್ಲಿರಬೇಕು, ಶಕ್ತಿ ಇರೋ ಕೈಗೆ ಸಿಗೋ ಹಾಗೆ ಹಿಡಿಕೆ ಎಲ್ಲಿ ಬರಬೇಕು ಅಂತ ಗೋಡೆ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿದರು. ಮನೆ ನೋಡದೆ ಇದನ್ನು ಹೇಳೋಕಾಗಲ್ಲ, ಅಲ್ವಾ?

ಯಾರೂ ಸಿಗದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳಿಗೆ ಪುನರ್ವಸತಿ ವಿಭಾಗ ಇದೆ, ಮಣಿಪಾಲದಲ್ಲೂ ಆಕ್ಯುಪೇಷನಲ್ ಥೆರಪಿ ವಿಭಾಗ ಇದೆ. ಒಮ್ಮೆ ಹೋಗಿ ತೋರಿಸಿ, ಮನೆಯಲ್ಲಿ ಏನೇನು ಮಾಡಿಸಬೇಕು ಅಂತ ಬರೆಸಿಕೊಂಡು ಬನ್ನಿ. ಅದನ್ನು ನಿಮ್ಮ ಫಿಸಿಯೋಗೂ ಕೊಡಿ. ಬಚ್ಚಲು, ಮಂಚ, ಮೆಟ್ಟಿಲಿನ ಫೋಟೋ ಮೊಬೈಲಿನಲ್ಲಿ ಇಟ್ಟುಕೊಂಡು ಹೋಗಿ, ತುಂಬಾ ಉಪಯೋಗಕ್ಕೆ ಬರುತ್ತೆ. ಮಾತು ತೊದಲುತ್ತಿದ್ದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೂ ಹೋಗಿ. ನೀರು ಕುಡಿಯುವಾಗ ಕೆಮ್ಮು ಬರುತ್ತಿದ್ದರೆ ಮಾತ್ರ ತಡ ಮಾಡದೆ ಡಾಕ್ಟರಿಗೆ ಹೇಳಿ.

ಮೊದಲ ಮೂರರಿಂದ ಆರು ತಿಂಗಳಲ್ಲಿ ಚೇತರಿಕೆ ಚುರುಕಾಗಿರುತ್ತೆ. ಆಮೇಲೂ ನಿಲ್ಲೋದಿಲ್ಲ, ನಿಧಾನ ಆಗುತ್ತೆ ಅಷ್ಟೆ. ಹಾಗಾಗಿ ಥೆರಪಿಸ್ಟ್ ಸಿಗೋವರೆಗೂ ಸುಮ್ನೆ ಕೂರಬೇಡಿ. ಅಂಗಿ ಹಾಕುವಾಗ ಮೊದಲು ಬಲಗೈ ತೋಳು, ಬಿಚ್ಚುವಾಗ ಮೊದಲು ಎಡಗೈ. ಗುಂಡಿ ತಂದೆಯವರೇ ಹಾಕಿಕೊಳ್ಳಲಿ, ಹೊತ್ತಾದರೂ ಪರವಾಗಿಲ್ಲ. ತಾಯಿಗೆ ನೋಡೋಕೆ ಸಂಕಟ ಆಗುತ್ತೆ, ಕೈ ಹಾಕೇ ಬಿಡ್ತಾರೆ. ಅವರಿಗೆ ನೀವೇ ಮೆಲ್ಲಗೆ ತಿಳಿಸಿ ಹೇಳಬೇಕು.

ಇನ್ನೊಂದು, ಅವರನ್ನು ಎಬ್ಬಿಸುವಾಗ ಬಲಗೈ ಹಿಡಿದು ಎಳೆಯಬೇಡಿ. ನೋಡೋಕೆ ಬಂದ ನೆಂಟರಿಗೂ ಬಿಡಬೇಡಿ. ಬಲ ಇಲ್ಲದ ತೋಳು ಭುಜದ ಕೀಲಿನಿಂದ ಜಾರಬಹುದು. ಈಗಾಗಲೇ ಭುಜ ನೋಯುತ್ತೆ ಅಂತಿದ್ದರೆ ಈ ವಾರವೇ ತೋರಿಸಿ.