ಮಿಲ್ಲುಗಳ ಊರು ಅಹಮದಾಬಾದ್‌ಗೆ 14 ಜನ ಹೊರಟಿದ್ದೇವೆ, ಹೇಗೆ ಹೊಂದಿಸುವುದು?

ಪ್ರಶ್ನೆ: ನಮ್ಮ ಕುಟುಂಬದ 14 ಜನ ಡಿಸೆಂಬರ್‌ನಲ್ಲಿ ಅಹಮದಾಬಾದ್‌ಗೆ ಹೊರಟಿದ್ದೇವೆ. ಮಂಗಳವಾರ ಬೆಳಿಗ್ಗೆ ಇಳಿದು ಗುರುವಾರ ರಾತ್ರಿ ವಾಪಸ್. ಅಪ್ಪ, ಚಿಕ್ಕಪ್ಪ ಇಬ್ಬರೂ ಇಲ್ಲಿನ ಹತ್ತಿ ಮಿಲ್ಲಿನಲ್ಲಿ ದುಡಿದವರು. ಅಲ್ಲಿನ ಮಿಲ್ಲು ನೋಡಬೇಕೆಂದು ಅವರ ಆಸೆ. ಅಪ್ಪನಿಗೆ ಮಂಡಿನೋವು. ಜೊತೆಗೆ 7 ಮತ್ತು 9 ವರ್ಷದ ಮಕ್ಕಳಿದ್ದಾರೆ. ಏನು ಮಾಡಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ಹಿರಿಯರಿಗೆ ಒಂದು ವಿಷಯ ಈಗಲೇ ಹೇಳಿಬಿಡಿ. ಅಲ್ಲಿನ ಹಳೇ ಮಿಲ್ಲುಗಳಲ್ಲಿ ಹೆಚ್ಚಿನವು 1980–90ರ ದಶಕಗಳಲ್ಲೇ ಮುಚ್ಚಿದವು. ಪವರ್‌ಲೂಮ್ ಬಟ್ಟೆಯ ಅಗ್ಗದ ಬೆಲೆಗೆ ಅವು ನಿಲ್ಲಲಿಲ್ಲ. ತಮ್ಮೂರಿನ ಹತ್ತಿ ಮಿಲ್ಲುಗಳು ಮುಚ್ಚಿದ್ದನ್ನು ಕಂಡ ದಾವಣಗೆರೆಯವರಿಗೆ ಈ ಕಥೆ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಹಾಗಾಗಿ ಸುಮ್ನೆ ಚಿಮಣಿ ಹುಡುಕಿಕೊಂಡು ಅಲೆಯಬೇಡಿ. ಮಿಲ್ಲಿನ ದುಡ್ಡಿನಲ್ಲಿ ಏನೇನು ಎದ್ದಿತು ಎಂದು ನೋಡಿ.

ಅದರಲ್ಲಿ ಮೊದಲನೆಯದು ಕ್ಯಾಲಿಕೋ ವಸ್ತ್ರ ಸಂಗ್ರಹಾಲಯ. ಮಿಲ್ಲು ನಡೆಸುತ್ತಿದ್ದ ಸಾರಾಭಾಯಿ ಮನೆತನದವರು 1949ರಲ್ಲಿ ಶುರು ಮಾಡಿದ್ದು. ನೇಯ್ಗೆ ಬಲ್ಲವರು ಇಲ್ಲಿಂದ ಬೇಗ ಹೊರಗೆ ಬರುವುದಿಲ್ಲ. ಆದರೆ ಗುಂಪಿಗೆ ಇದೇ ಕಷ್ಟದ ಜಾಗ. ಮುಂಚೆಯೇ ಬುಕ್ ಮಾಡಬೇಕು, ಒಂದು ಸಲಕ್ಕೆ ಕೆಲವೇ ಜನರನ್ನು ಬಿಡುತ್ತಾರೆ, ಬುಧವಾರ ರಜೆ, 10 ವರ್ಷದೊಳಗಿನ ಮಕ್ಕಳಿಗೆ ಪ್ರವೇಶವಿಲ್ಲ. ರೈಲು, ಹೋಟೆಲ್‌ಗಿಂತ ಮೊದಲು ಗುರುವಾರ ಬೆಳಗಿನ ಜಾಗ ಕಾಯ್ದಿರಿಸಿ. ಹದಿನಾಲ್ಕೂ ಜನ ಹೋಗಲೇಬೇಕೆಂದಿಲ್ಲ. ಆಸಕ್ತಿ ಇರುವವರು ಹೋಗಲಿ, ಇಬ್ಬರು ದೊಡ್ಡವರು ಮಕ್ಕಳನ್ನು ಕಾಂಕರಿಯಾ ಕೆರೆಗೆ ಕರೆದೊಯ್ಯಲಿ. ಅಲ್ಲಿ ಪುಟಾಣಿ ರೈಲಿದೆ, ಪ್ರಾಣಿಸಂಗ್ರಹಾಲಯವಿದೆ. ಮಕ್ಕಳಿಗೆ ಅದೇ ಜಾಸ್ತಿ ಖುಷಿ.

ಮಂಗಳವಾರ ಸಾಬರಮತಿ ಆಶ್ರಮಕ್ಕೆ ಹೋಗಿ. ಎಲ್ಲರೂ ಗಾಂಧಿಯ ಕೋಣೆ ನೋಡಿ ಬರುತ್ತಾರೆ. ನಿಮ್ಮ ಅಪ್ಪನಿಗೆ 1918ರ ಮಿಲ್ ಮುಷ್ಕರದ ಕಥೆ ಮೊದಲೇ ಹೇಳಿಟ್ಟಿರಿ. ಕಾರ್ಮಿಕರು ಶೇ 35ರಷ್ಟು ಕೂಲಿ ಹೆಚ್ಚಳ ಕೇಳಿದ್ದರು. ಮಾಲೀಕರ ಪರ ನಿಂತವರು ಅಂಬಾಲಾಲ್ ಸಾರಾಭಾಯಿ, ಕಾರ್ಮಿಕರ ಪರ ಅವರ ಸ್ವಂತ ಅಕ್ಕ ಅನಸೂಯಾ! ಗಾಂಧಿ ಮೂರು ದಿನ ಉಪವಾಸ ಕೂತರು. ಮಿಲ್ಲಿನಲ್ಲಿ ದುಡಿದವರ ಜೊತೆ ಆಶ್ರಮ ನೋಡುವಾಗ ಈ ಕಥೆ ಬಿಟ್ಟರೆ ಹೇಗೆ? ಅಲ್ಲಿಂದ ಆಶ್ರಮ ರಸ್ತೆಯಲ್ಲೇ ಮಿಲ್ ಮಾಲೀಕರ ಸಂಘದ ಕಟ್ಟಡವಿದೆ. 1954ರಲ್ಲಿ ಹೆಸರಾಂತ ವಾಸ್ತುಶಿಲ್ಪಿ ಲ ಕಾರ್ಬ್ಯೂಸಿಯೆ ಕಟ್ಟಿದ್ದು. ಬರೀ ಕಾಂಕ್ರೀಟು ಎಂದು ಕೆಲವರು ಗೊಣಗಬಹುದು, ಗೊಣಗಲಿ. ನದಿಯ ಗಾಳಿ ಒಳಗೆ ಬರುವಂತೆ, ಬಿಸಿಲು ಹೊರಗೇ ಉಳಿಯುವಂತೆ ಕಟ್ಟಿದ್ದಾರೆ.

ಬುಧವಾರ ಬೆಳಿಗ್ಗೆ ಹಳೇ ಪಟ್ಟಣ. ಭಾರತದಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ನಗರವೆಂದು ಮೊದಲು ಹೆಸರಾದದ್ದು ಇದೇ, 2017ರಲ್ಲಿ. ಪಾಲಿಕೆ ನಡೆಸುವ ಹೆರಿಟೇಜ್ ವಾಕ್ ಕಾಲುಪುರದ ಸ್ವಾಮಿನಾರಾಯಣ ಗುಡಿಯಿಂದ ಹೊರಟು ಜಾಮಾ ಮಸೀದಿಯಲ್ಲಿ ಮುಗಿಯುತ್ತದೆ. ದಾರಿಯುದ್ದಕ್ಕೂ ಪೋಳ್‌ಗಳು, ಅಂದರೆ ಬಾಗಿಲಿರುವ ಓಣಿಗಳು. ಕೆತ್ತಿದ ಮರದ ಮನೆಗಳು, ಹಕ್ಕಿಗಳಿಗೆ ಕಾಳು ಹಾಕುವ ಕಂಬಗಳು ಸಿಗುತ್ತವೆ. ಟೆಂಪೊ ಟ್ರಾವೆಲರ್ ವ್ಯಾನು ಈ ಓಣಿಗಳಿಗೆ ನುಗ್ಗುವುದಿಲ್ಲ, ದೂರದಲ್ಲೇ ನಿಲ್ಲಿಸಬೇಕು. ನಡಿಗೆ ಎರಡು ಗಂಟೆಗೂ ಜಾಸ್ತಿ. ಅಪ್ಪ ಗುಡಿ ನೋಡಿಕೊಂಡು ಆಟೋದಲ್ಲಿ ಜಾಮಾ ಮಸೀದಿಗೆ ಬಂದು ಅಂಗಳದಲ್ಲಿ ಕೂತಿರಲಿ. ಜೊತೆಗೊಬ್ಬರು ಇರಬೇಕು. ಮಧ್ಯಾಹ್ನ ವಿಶ್ರಾಂತಿ, ರಾತ್ರಿ ಪಕ್ಕದ ಮಾಣೆಕ್ ಚೌಕ್‌ನಲ್ಲಿ ತಿಂಡಿ. ಹಗಲು ಚಿನಿವಾರರ ಪೇಟೆಯಾಗಿರುವ ಜಾಗ ರಾತ್ರಿ ತಿಂಡಿ ಬೀದಿಯಾಗುತ್ತದೆ.

ಅಲ್ಲಿನ ದಾಲ್‌ಗೆ ಬೆಲ್ಲ ಬಿದ್ದಿರುತ್ತದೆ. ಮಿರ್ಚಿ ಮಂಡಕ್ಕಿ ಊರಿನವರಿಗೆ ಮೂರು ದಿನದಲ್ಲಿ ಆ ಸಿಹಿ ಬೇಸರ ತರಿಸಬಹುದು, ಒಂದು ಡಬ್ಬಿ ಶೇಂಗಾ ಚಟ್ನಿಪುಡಿ ಇಟ್ಟುಕೊಳ್ಳಿ. ಗುಜರಾತ್‌ನಲ್ಲಿ ಪಾನನಿಷೇಧವಿದೆ ಎಂಬುದನ್ನೂ ಚಿಕ್ಕಪ್ಪಂದಿರಿಗೆ ಹೊರಡುವ ಮುಂಚೆಯೇ ತಿಳಿಸಿ.